ನರೂಲಿಗೂ ಕಿಮೋ ಏನ್ರೀ?

ಬಲಗೈ ತೋರುಬೆರಳಿನ ಉಗುರಿನ ಪಕ್ಕದಲ್ಲಿ ಒಂದು ನರೂಲಿ ಎರಡು ವರ್ಷ ಠಿಕಾಣಿ ಹೂಡಿತ್ತು. ರೊಟ್ಟಿ ಬಡಿಯುವಾಗಲೆಲ್ಲ ಚುಚ್ಚುವುದು. ನಾಸಿಕ್ ರೋಡಿನ ನಮ್ಮ ನೆರೆಯವರು ಅದಕ್ಕೆ 'ಚಾಮಖೀಳ' ಎಂದರು. ವಿಜಯಪುರದಿಂದ ಅವ್ವ ಫೋನ್ ಮಾಡಿ, ಕುದುರೆ ಬಾಲದ ಕೂದಲು ಕಟ್ಟು ಎಂದಳು. ಕೂದಲಿಗಾಗಿ ಮದುವೆ ಮೆರವಣಿಗೆಯ ಕುದುರೆಯ ಹಿಂದೆ ಓಡುವ ಧೈರ್ಯ ನನಗಿರಲಿಲ್ಲ.

ಸ್ಯಾಲಿಸಿಲಿಕ್ ಆಸಿಡ್ ಹಚ್ಚಿದ್ದಾಯಿತು. ಸುಡಿಸಿದ್ದಾಯಿತು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿದ್ದೂ ಆಯಿತು. ಮತ್ತೆ ಮತ್ತೆ ಬಂತು. ನರೂಲಿ ಎಂದರೆ ಎಚ್‌ಪಿವಿ ವೈರಸ್ಸಿನ ಕೆಲಸ. ಮೇಲಿನ ಗಂಟು ಹೋದರೂ ಸುತ್ತಲಿನ ಚರ್ಮದಲ್ಲಿ ವೈರಸ್ ಉಳಿದುಬಿಡಬಹುದು. ಉಗುರಿನ ಅಂಚಿನದ್ದಂತೂ ಭಾರಿ ಹಟಮಾರಿ.

ಕೊನೆಗೆ ಚರ್ಮದ ಡಾಕ್ಟರು, "ಬ್ಲಿಯೋಮೈಸಿನ್ ಚುಚ್ಚೋಣ. ಕಿಮೋಥೆರಪಿಯಲ್ಲಿ ಬಳಸುವ ಔಷಧ" ಎಂದರು. ಸಂಜೆ ಅವ್ವನಿಗೆ ಹೇಳಿದ್ದೇ ತಪ್ಪಾಯಿತು. "ಕಿಮೋ ಅಂದ್ರ ಕ್ಯಾನ್ಸರ್ ಅಲ್ಲೇನು? ಖರೆ ಹೇಳವ್ವ, ಏನರೆ ಮುಚ್ಚಿಡಾಕತ್ತೀಯೇನು?" ಎಂದು ಅತ್ತುಬಿಟ್ಟಳು. ಅವಳಿಗೆ ಸಮಾಧಾನ ಹೇಳಿದ ನಾನೂ ಆ ರಾತ್ರಿ ನಿದ್ದೆ ಮಾಡಲಿಲ್ಲ.

ಮರುದಿನ ಡಾಕ್ಟರ ಮುಂದೆ ಪ್ರಶ್ನೆಗಳ ಚೀಟಿಯನ್ನೇ ಇಟ್ಟೆ. ಜಪಾನಿನ ಹಮಾವೊ ಉಮೆಜಾವಾ ಅವರ ತಂಡ 1960ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದ ಔಷಧವಂತೆ ಇದು. ಜೀವಕೋಶದ ಡಿಎನ್‌ಎ ಎಳೆಯನ್ನೇ ತುಂಡರಿಸುತ್ತದೆ. ಇದನ್ನು ಒಡೆಯುವ ಕಿಣ್ವ ಚರ್ಮದಲ್ಲಿಯೂ ಶ್ವಾಸಕೋಶದಲ್ಲಿಯೂ ಕಡಿಮೆ. ಅದಕ್ಕೇ ಚರ್ಮದ ಮೇಲೆ ಇದರ ಪ್ರಭಾವ ಜೋರು, ಕ್ಯಾನ್ಸರ್ ರೋಗಿಗಳಲ್ಲಿ ಶ್ವಾಸಕೋಶದ್ದೇ ಭಯ. ಅವರಿಗೆ ಒಟ್ಟು ಪ್ರಮಾಣ 400 ಯುನಿಟ್ ಮೀರದಂತೆ ನೋಡಿಕೊಳ್ಳುತ್ತಾರೆ. ನನ್ನ ಬೆರಳಿಗೆ ಬೇಕಾದದ್ದು ಒಂದು ಯುನಿಟ್ಟಿಗೂ ಕಡಿಮೆ. ಮೈಗೆಲ್ಲ ಹರಿಸುವುದಲ್ಲ, ಗಂಟಿನೊಳಗೇ ಬಿಡುವುದು. ಇಷ್ಟು ಕೇಳಿದ ಮೇಲೆ ಎದೆ ಹಗುರಾಯಿತು.

ಆದರೆ ಅವರು ತಿರುಗಿ ಕೇಳಿದ ಪ್ರಶ್ನೆಗೆ ತಡವರಿಸಿದೆ: "ಗರ್ಭಿಣಿಯೇ? ಆ ಯೋಚನೆ ಇದೆಯೇ?" ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಈ ಔಷಧ ಕೊಡುವುದಿಲ್ಲ. ನಾವು ಎರಡನೇ ಮಗುವಿನ ಮಾತಾಡುತ್ತಿದ್ದ ದಿನಗಳವು. ಪರೀಕ್ಷೆ ಮಾಡಿಸಿ, ಇಲ್ಲ ಎಂದು ಖಾತ್ರಿಯಾದ ಮೇಲೆ, ಚಿಕಿತ್ಸೆ ಮುಗಿದು ಕೆಲವು ತಿಂಗಳವರೆಗೆ ಕಾಯುವುದೆಂದು ಮನೆಯವರೂ ನಾನೂ ಕೂತು ತೀರ್ಮಾನಿಸಿದೆವು. ಒಂದು ನರೂಲಿಗಾಗಿ ಇದೆಲ್ಲವೇ ಎಂದು ಅತ್ತೆಯವರು ಗೊಣಗಿದರು. ದಿನಾ ರೊಟ್ಟಿ ಬಡಿಯುವವಳು ನಾನು ತಾನೇ!

ಬೆರಳಿನ ಬುಡಕ್ಕೆ ಮೊದಲು ಮರಗಟ್ಟಿಸುವ ಇಂಜೆಕ್ಷನ್. ಆಮೇಲೆ ಗಂಟಿಗೆ ಚುಚ್ಚಿದಾಗ ಅದು ಬೆಳ್ಳಗಾಯಿತು. ಔಷಧ ಸರಿಯಾದ ಜಾಗಕ್ಕೆ ಇಳಿದಿದ್ದಕ್ಕೆ ಅದೇ ಗುರುತು. ನಿಜವಾದ ನೋವು ಆ ರಾತ್ರಿಯದು, ಮರಗಟ್ಟಿದ್ದು ಬಿಟ್ಟ ಮೇಲೆ. ವಾರದೊಳಗೆ ಗಂಟು ಕಪ್ಪಾಗಿ, ಒಣಗಿ ಹೊಪ್ಪಳಿಕೆಯಾಯಿತು. ಮೂರು ವಾರಕ್ಕೆ ಉದುರಿತು. ಅಂಚಿನಲ್ಲಿ ಚೂರು ಉಳಿದಿತ್ತು, ಇನ್ನೊಮ್ಮೆ ಚುಚ್ಚಬೇಕಾಯಿತು.

ಉಗುರು ಕೆಡಬಹುದು, ಚಳಿಗೆ ಬೆರಳು ಬಿಳಿಚಿಕೊಂಡು ನೋಯಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಹಾಗಾಗಿ ಡಿಸೆಂಬರಿನ ನಾಸಿಕ್ ಚಳಿಯಲ್ಲಿ ಬೆಳಿಗ್ಗೆ ಎದ್ದೊಡನೆ ನೋಡುವುದು ಆ ಬೆರಳನ್ನೇ. ಉಗುರಿನ ಮೇಲೆ ಒಂದು ಗೆರೆ ಮೂಡಿದೆ, ಅಷ್ಟೇ. ಅವ್ವನಿಗೆ ಮಾತ್ರ ಇನ್ನೂ ನಂಬಿಕೆಯಿಲ್ಲ. ವಿಡಿಯೋ ಕರೆಯಲ್ಲಿ ಪ್ರತಿ ಭಾನುವಾರ, "ಬಟ್ಟು ಸಮೀಪ ಹಿಡಿ ನೋಡೂಣು" ಎನ್ನುತ್ತಾಳೆ.