ಪವಾಡ ಮಾಡಿದವರೆಲ್ಲ ದೇವರೇ?



ಜಯಸಿಂಗಪುರದಿಂದ ಮಿರಜಕ್ಕೆ ಹೋಗುವ ರೈಲಿನಲ್ಲಿ ಎರಡು ಬಗೆಯ ಪ್ರಯಾಣಿಕರು ಸಿಗುತ್ತಾರೆ. ಒಬ್ಬರು ಮೀರಾಸಾಹೇಬರ ದರ್ಗಾಕ್ಕೆ ಹರಕೆ ತೀರಿಸಲು ಹೊರಟವರು. ಇನ್ನೊಬ್ಬರು ರೋಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟವರು. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಆಸ್ಪತ್ರೆ ತೆರೆದದ್ದು ಇದೇ ಮಿರಜದಲ್ಲಿ. ಎಷ್ಟೋ ಸಲ ಈ ಎರಡೂ ಬಗೆಯವರು ಒಂದೇ ಮನೆಯವರಾಗಿರುತ್ತಾರೆ.

ಅಂಥ ಡಬ್ಬಿಯಲ್ಲಿ ಕುಳಿತ ತರುಣನೊಬ್ಬ ಎದುರಿನ ಹಿರಿಯರನ್ನು ಕೇಳಿದನೆಂದು ಇಟ್ಟುಕೊಳ್ಳಿ: "ಅಲ್ರೀ ಚಾಚಾ, ಯೇಸು ಸತ್ತವರನ್ನ ಎಬ್ಬಿಸಿದ್ರು ಅಂತ ನೀವೂ ಒಪ್ತೀರಿ. ಹಂಗಾದ್ರ ಅವರನ್ನ ದೇವರು ಅಂತ ಯಾಕ ಒಪ್ಪೂದಿಲ್ಲ?" ಚಾಚಾ ನಕ್ಕು, "ತಮ್ಮಾ, ಪವಾಡ ಮಾಡಿದವರೆಲ್ಲ ದೇವರಾದ್ರ, ದೇವರು ಎಷ್ಟು ಮಂದಿ ಆಗ್ತಾರೋ?" ಎನ್ನಬಹುದು. ಪ್ರಶ್ನೆಯೂ ಹಳೆಯದು, ಉತ್ತರವೂ ಹಳೆಯದು. ಇವೆರಡರ ನಡುವೆ ಏನಿದೆ ಎಂಬುದನ್ನು ಇಂದು ನೋಡೋಣ.

ಮೊದಲು ಮುಸ್ಲಿಮರ ವಿಚಾರ. ಮರಿಯಮ್ಮಳ ಮಗ ಈಸಾ ಹುಟ್ಟುಗುರುಡರಿಗೆ ಕಣ್ಣು ಕೊಟ್ಟರು, ಕುಷ್ಠರೋಗಿಗಳನ್ನು ಗುಣಪಡಿಸಿದರು, ಸತ್ತವರನ್ನು ಎಬ್ಬಿಸಿದರು, ಮಣ್ಣಿನ ಹಕ್ಕಿಗೆ ಜೀವ ಬರಿಸಿದರು ಎಂದು ಕುರ್‌ಆನ್ ಹೇಳುತ್ತದೆ. ಆದರೆ ಈ ಕಾರ್ಯಗಳನ್ನು ಹೇಳುವಾಗ 'ದೇವರ ಅಪ್ಪಣೆಯಿಂದ' ಎಂಬ ಮಾತನ್ನು ಮತ್ತೆ ಮತ್ತೆ ಸೇರಿಸುತ್ತದೆ. ಅವರ ವಾದದ ಕೀಲಿ ಇರುವುದು ಇಲ್ಲಿಯೇ. ಪ್ರವಾದಿಯ ಪವಾಡಕ್ಕೆ ಅವರು 'ಮುಅಜಿಜಾ' ಎನ್ನುತ್ತಾರೆ. ಎದುರಾಳಿಯನ್ನು ಅಶಕ್ತನನ್ನಾಗಿ ಮಾಡುವಂಥದ್ದು ಎಂದು ಅರ್ಥ. ಈತನನ್ನು ಕಳಿಸಿದವನು ದೇವರು ಎಂಬುದಕ್ಕೆ ಅದು ಸಾಕ್ಷಿ. ಈತನೇ ದೇವರು ಎಂಬುದಕ್ಕಲ್ಲ. ದೂತನ ಕೈಯಲ್ಲಿ ಅರಸನ ಮುದ್ರೆ ಇದ್ದ ಮಾತ್ರಕ್ಕೆ ದೂತ ಅರಸನಾಗುವುದಿಲ್ಲವಷ್ಟೆ! ಸಂತರಿಂದ ಆಗುವ ಅದ್ಭುತಕ್ಕೆ 'ಕರಾಮತ್' ಎಂಬ ಬೇರೆ ಹೆಸರೇ ಇದೆ. ದರ್ಗಾಗಳಲ್ಲಿ ನೆನೆಯುವುದು ಇದನ್ನು.

ಇನ್ನು ಕ್ರೈಸ್ತರ ವಿಚಾರ. ಪವಾಡವೊಂದೇ ದೈವತ್ವಕ್ಕೆ ಸಾಕು ಎಂದು ಅವರೂ ಹೇಳಲಾರರು. ಎಲೀಯ ಮತ್ತು ಎಲೀಷ ಎಂಬ ಪ್ರವಾದಿಗಳು ಸತ್ತ ಬಾಲಕರನ್ನು ಬದುಕಿಸಿದ ಕಥೆ ಬೈಬಲಿನಲ್ಲಿಯೇ ಇದೆ. ಶಿಷ್ಯನಾದ ಪೇತ್ರನು ತಬಿಥಾ ಎಂಬಾಕೆಯನ್ನು ಎಬ್ಬಿಸಿದನೆಂದೂ ಇದೆ. ಇವರಾರನ್ನೂ ಯಾರೂ ದೇವರೆನ್ನಲಿಲ್ಲ. ಹಾಗಾದರೆ ಯೇಸುವಿನ ಹೆಚ್ಚಳವೇನು? ಪ್ರವಾದಿಗಳು ಬೇಡಿಕೊಂಡು ಮಾಡಿದರು, ಯೇಸು ಸ್ವಂತ ಅಧಿಕಾರದಿಂದ ಆಜ್ಞಾಪಿಸಿ ಮಾಡಿದರು ಎಂಬುದು ಅವರ ಉತ್ತರ. ಪಾರ್ಶ್ವವಾಯು ಬಡಿದವನನ್ನು ಎಬ್ಬಿಸುವ ಮೊದಲು ಯೇಸು ಅವನ ಪಾಪವನ್ನು ಕ್ಷಮಿಸಿದರು. ಕ್ಷಮಿಸುವ ಹಕ್ಕು ದೇವರೊಬ್ಬನದು ತಾನೇ, ಎನ್ನುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಯೇಸುವಿನ ಪುನರುತ್ಥಾನವನ್ನು ಮುಂದಿಡುತ್ತಾರೆ. ಯೇಸುವಿನ ಕಾರ್ಯಗಳಿಂದಲೇ ಆತನ ದೈವತ್ವವನ್ನು ಅರಿಯಬೇಕೆಂದು ನಾಲ್ಕನೆಯ ಶತಮಾನದ ಅಥನೇಸಿಯಸ್ ವಾದಿಸಿದ್ದರು.

ಇದಕ್ಕೆ ಮುಸ್ಲಿಂ ಪಂಡಿತರ ಮರುಮಾತು ಇದೆ: ಲಾಜರನನ್ನು ಎಬ್ಬಿಸುವ ಮೊದಲು ಯೇಸುವೂ ತಂದೆಗೆ ಪ್ರಾರ್ಥಿಸಲಿಲ್ಲವೇ? ಸುತ್ತಲಿದ್ದ ಜನರು ನಂಬಲೆಂದು ಹಾಗೆ ಪ್ರಾರ್ಥಿಸಿದರು ಎಂದು ಕ್ರೈಸ್ತರು ಅದೇ ಪ್ರಸಂಗವನ್ನು ತೋರಿಸುತ್ತಾರೆ. ಅಂದರೆ ಜಗಳ ಪವಾಡ ನಡೆಯಿತೋ ಇಲ್ಲವೋ ಎಂಬುದರ ಬಗ್ಗೆ ಅಲ್ಲ. ಆ ಶಕ್ತಿ ಯಾರದು ಎಂಬುದರ ಬಗ್ಗೆ.

ನಮ್ಮ ದೇಶದಲ್ಲಿ ಇದು ಒಮ್ಮೆ ಬೆಂಕಿಯವರೆಗೂ ಹೋಗಿತ್ತು. 1580ರಲ್ಲಿ ಜೆಸುಯಿಟ್ ಪಾದ್ರಿ ರುಡಾಲ್ಫ್ ಅಕ್ವಾವಿವಾ ಮತ್ತು ಸಂಗಡಿಗರು ಫತೇಪುರ ಸಿಕ್ರಿಗೆ ಬಂದರು. ಅಕ್ಬರನ ಮುಂದೆ ಚರ್ಚೆ ನಡೆದು, ತಂತಮ್ಮ ಗ್ರಂಥ ಹಿಡಿದು ಬೆಂಕಿಗೆ ಇಳಿಯುವ ಮಾತು ಬಂತು. ಪಾದ್ರಿಗಳ ಬರಹದ ಪ್ರಕಾರ ಒಪ್ಪದವರು ಪಾದ್ರಿಗಳು. ದೇವರನ್ನು ಹಾಗೆ ಪರೀಕ್ಷಿಸಬಾರದು ಎಂಬುದು ಅವರ ಕಾರಣ. ಅಬುಲ್ ಫಜಲನ 'ಅಕ್ಬರ್‌ನಾಮಾ'ದ ಪ್ರಕಾರ ಹಿಂಜರಿದವರು ಮೌಲ್ವಿಗಳು. ಬರಹ ಎರಡು, ಆದರೆ ಒಂದು ಮಾತು ಖರೆ: ಯಾರೂ ಬೆಂಕಿಗೆ ಇಳಿಯಲಿಲ್ಲ.

ಎರಡೂ ಕಡೆ ಒಂದೇ ದನಿಯ ಎಚ್ಚರಿಕೆಯೂ ಇದೆ. ಸುಳ್ಳು ಪ್ರವಾದಿಗಳೂ ದೊಡ್ಡ ಅದ್ಭುತಗಳನ್ನು ತೋರಿಸುವರೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ತಾನೇ ದೇವರೆಂದು ಸಾರುವ ದಜ್ಜಾಲನೂ ಚಮತ್ಕಾರ ತೋರಿಸುವನೆಂದು ಹದೀಸುಗಳು ಹೇಳುತ್ತವೆ. ಕೋಲು ಹಾವಾದದ್ದನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಬೋಧನೆಯನ್ನು ಆಚರಿಸಿ ಅದರ ಸತ್ಯ ಕಂಡುಕೊಳ್ಳಿ ಎಂಬರ್ಥದ ಮಾತನ್ನು 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ಬರೆದಿಟ್ಟಿದ್ದಾರೆ. ಕ್ಯಾಥೊಲಿಕ್ ಸಭೆ ಸಂತಪದವಿಗೆ ಸಾಮಾನ್ಯವಾಗಿ ಪವಾಡದ ಸಾಕ್ಷ್ಯ ಕೇಳುತ್ತದೆ. ಆದರೂ ಕೆನರಾ ಸೀಮೆಯಲ್ಲಿ ಸೇವೆ ಮಾಡಿದ ಗೋವೆಯ ಜೋಸೆಫ್ ವಾಜ್ ಅವರಿಗೆ 2015ರಲ್ಲಿ, ಎರಡನೆಯ ಪವಾಡದ ಸಾಕ್ಷ್ಯಕ್ಕೆ ಕಾಯದೆ ಆ ಪದವಿ ಕೊಡಲಾಯಿತು.

ಶ್ರೋತೃಗಳೇ, ಇದು ಪಂಡಿತರ ಚರ್ಚೆ ಮಾತ್ರವಲ್ಲ. ಹಾವು ಕಚ್ಚಿದ ಮಗುವನ್ನು ಎತ್ತಿಕೊಂಡು ತಾಯಿ ಓಡುವಾಗ, "ಆಸ್ಪತ್ರೆ ಬೇಡ, ನನ್ನ ಶಕ್ತಿ ನೋಡು" ಎನ್ನುವವನು ಅಡ್ಡ ಬಂದರೆ ಏನು ಮಾಡಬೇಕು? ಅಂಥವರನ್ನು ತಡೆಯಲು ಮಹಾರಾಷ್ಟ್ರದಲ್ಲಿ 2013ರಲ್ಲಿ ಕಾಯ್ದೆಯೇ ಬಂದಿದೆ. ಆದರೆ ಈ ಎರಡು ಧರ್ಮಗಳ ಹಿರಿಯರು ಎಷ್ಟೋ ಶತಮಾನಗಳ ಮೊದಲೇ ಹೇಳಿದ್ದರು: ಬೆರಗನ್ನು ಕಂಡೊಡನೆ ಕೈ ಮುಗಿಯಬೇಡ, ಅದು ಎತ್ತ ಕರೆದೊಯ್ಯುತ್ತದೆ ನೋಡು. ಹರಕೆ ಹೊತ್ತವರು ದರ್ಗಾಕ್ಕೆ ಹೋಗಲಿ, ಬೇನೆ ಬಿದ್ದವರು ಮೊದಲು ಆಸ್ಪತ್ರೆಗೆ ಹೋಗಲಿ. ಮಿರಜದ ದಾರಿ ಎರಡಕ್ಕೂ ಒಂದೇ.