ದಿಮ್ಮಿ ಮನೆಯ ಲೆಕ್ಕಾಚಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎರಡರಲ್ಲೂ ಅಂದಾಜು ಒಂದಾದರೆ ಖರ್ಚು ಇನ್ನೊಂದು. ಅಮೆರಿಕ, ಕೆನಡಾ, ಫಿನ್ಲೆಂಡ್‌ಗಳಲ್ಲಿ ಇಡೀ ಮರದ ದಿಮ್ಮಿಗಳನ್ನೇ ಒಂದರ ಮೇಲೊಂದು ಪೇರಿಸಿ ಮನೆ ಕಟ್ಟಿಕೊಳ್ಳುವವರಿಗೂ ಈ ಮಾತು ಒಪ್ಪುತ್ತದೆ. ನೋಡಲು ಸರಳವಾದ ಈ ಮನೆಯ ಹಿಂದೆ ಗಣಿತವೂ ಇದೆ, ವಿಜ್ಞಾನವೂ ಇದೆ. ಆದ್ದರಿಂದ ವಿದ್ಯಾರ್ಥಿಗಳು ಒಮ್ಮೆ ಪೆನ್ಸಿಲು, ಕಾಗದ ಹಿಡಿದು ಇದನ್ನು ಲೆಕ್ಕ ಹಾಕಬಹುದು.

1638ರಲ್ಲಿ ಡೆಲವೇರ್ ನದಿಯ ದಂಡೆಗೆ ಬಂದು ನೆಲೆಸಿದ ಸ್ವೀಡನ್ ಮತ್ತು ಫಿನ್ಲೆಂಡಿನ ಜನ ಈ ವಿದ್ಯೆಯನ್ನು ಅಮೆರಿಕಕ್ಕೆ ತಂದರು. ಅಬ್ರಹಾಂ ಲಿಂಕನ್ 1809ರಲ್ಲಿ ಹುಟ್ಟಿದ್ದು ಕೆಂಟಕಿಯ ಇಂಥದೇ ಒಂದು ಗುಡಿಸಲಿನಲ್ಲಿ. ಅವರೇ ಅಧ್ಯಕ್ಷರಾಗಿದ್ದಾಗ, 1862ರಲ್ಲಿ ಬಂದ ಕಾನೂನು 160 ಎಕರೆ ಜಮೀನು ಕೊಟ್ಟಿತು. ಅಲ್ಲೇ ಮನೆ ಕಟ್ಟಿ ಐದು ವರ್ಷ ಸಾಗುವಳಿ ಮಾಡಬೇಕೆಂಬುದು ಷರತ್ತು. ಕಾಡು ಎದುರಿಗಿತ್ತು, ಕೊಡಲಿ ಕೈಯಲ್ಲಿತ್ತು. ಇಂದು ಅಷ್ಟು ಸುಲಭವಲ್ಲ!

ಎಷ್ಟು ಮರ ಬೇಕು?

30 ಅಡಿ ಉದ್ದ, 20 ಅಡಿ ಅಗಲದ ಮನೆ ಎಂದಿಟ್ಟುಕೊಳ್ಳಿ. ಸುತ್ತಳತೆ 100 ಅಡಿ. ಗೋಡೆಯ ಎತ್ತರ 8 ಅಡಿ, ಅಂದರೆ 96 ಅಂಗುಲ. ದಿಮ್ಮಿಯ ವ್ಯಾಸ 10 ಅಂಗುಲ. ಮೇಲಿನ ದಿಮ್ಮಿಯ ತಳದಲ್ಲಿ ತೋಡು ಕೊರೆದು ಕೆಳಗಿನದರ ಮೇಲೆ ಕೂರಿಸುವುದರಿಂದ ಪ್ರತಿ ವರಸೆಗೆ ಸಿಗುವ ಎತ್ತರ ಸುಮಾರು 9 ಅಂಗುಲ. ಹಾಗಾದರೆ 11 ವರಸೆ ಬೇಕು. ಮೂಲೆಗಳಲ್ಲಿ ದಿಮ್ಮಿಗಳು ಒಂದನ್ನೊಂದು ದಾಟಿ ಒಂದೊಂದು ಅಡಿ ಹೊರಚಾಚುತ್ತವೆ. ಆದ್ದರಿಂದ ವರಸೆಗೆ 108 ಅಡಿ, ಒಟ್ಟು 1188 ಅಡಿ. ಬಾಗಿಲು ಕಿಟಕಿಗಳಲ್ಲಿ ಸ್ವಲ್ಪ ಉಳಿಯುತ್ತದೆ, ಕತ್ತರಿಸುವಾಗ ಸ್ವಲ್ಪ ಹಾಳಾಗುತ್ತದೆ. 1200 ಅಡಿ ಎಂದುಕೊಳ್ಳೋಣ.

ಇನ್ನು ತೂಕ. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ 1200 ಅಡಿಗೆ ಸುಮಾರು 650 ಘನ ಅಡಿ, ಅಂದರೆ 18 ಘನ ಮೀಟರಿಗಿಂತ ತುಸು ಹೆಚ್ಚು. ಹಸಿ ಪೈನ್ ಮರ ಘನ ಮೀಟರಿಗೆ 800 ಕೆ.ಜಿ. ಎಂದಿಟ್ಟುಕೊಂಡರೂ ಗೋಡೆಗಳ ತೂಕ 14 ಟನ್ ಮೀರುತ್ತದೆ! ಉದ್ದನೆಯ ಒಂದೊಂದು ದಿಮ್ಮಿಯೂ 400 ಕೆ.ಜಿ.ಯ ಹತ್ತಿರ. ಇದನ್ನು ಮೊದಲೇ ಗುಣಿಸದವನ ಬಜೆಟ್ಟಿನಲ್ಲಿ ಲಾರಿ ಬಾಡಿಗೆಯೂ ಇರುವುದಿಲ್ಲ, ಕ್ರೇನಿನ ಬಾಡಿಗೆಯೂ ಇರುವುದಿಲ್ಲ.

ಕುಗ್ಗುವ ಗೋಡೆ

ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗುವುದನ್ನು ನೀವು ಕಂಡಿರುತ್ತೀರಿ. ಮರದ ತೇವಾಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಾಗ ಅದು ಕುಗ್ಗತೊಡಗುತ್ತದೆ. ಆದರೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಾಗಿ ಅಲ್ಲ. ಅಡ್ಡಕ್ಕೆ ಚೆನ್ನಾಗಿ ಕುಗ್ಗುವ ಮರ ಉದ್ದಕ್ಕೆ ಕುಗ್ಗುವುದೇ ಇಲ್ಲವೆನ್ನಬೇಕು. ಮಲಗಿಸಿದ ಹಸಿ ದಿಮ್ಮಿಗಳ ಗೋಡೆ ಪ್ರತಿ ಅಡಿ ಎತ್ತರಕ್ಕೆ ಅರ್ಧ ಅಂಗುಲದಷ್ಟು ಕೆಳಗಿಳಿಯಬಹುದು. 8 ಅಡಿಗೆ 4 ಅಂಗುಲ! ನೆಟ್ಟಗೆ ನಿಂತ ಕಂಬ ಮಾತ್ರ ಇಳಿಯುವುದಿಲ್ಲ. ಗೋಡೆ ಇಳಿದು ಕಂಬ ಹಾಗೇ ನಿಂತರೆ ಚಾವಣಿಯ ಗತಿಯೇನು? ಅದಕ್ಕೆಂದೇ ಕಂಬಕ್ಕೆ ಸ್ಕ್ರೂ ಜಾಕ್ ಜೋಡಿಸಿ ಕಾಲಕಾಲಕ್ಕೆ ತಗ್ಗಿಸುತ್ತಾರೆ. 4 ಅಡಿಯ ಕಿಟಕಿಯ ಮೇಲೆ 2 ಅಂಗುಲ ಸಂದು ಬಿಡುತ್ತಾರೆ. ಒಣಗಿಸಿದ ಮರ ಕೊಂಡರೆ ಈ ತಾಪತ್ರಯ ಕಡಿಮೆ, ಬೆಲೆ ಹೆಚ್ಚು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕೊಡಲೇಬೇಕು.

ಗೋಡೆಯೇ ಮನೆಯಲ್ಲ

ಗೋಡೆ ಎದ್ದು ನಿಂತರೆ ಮನೆ ಮುಗಿದಂತೆ ಕಾಣುತ್ತದೆ. ಆದರೆ ಕಟ್ಟುವವರಲ್ಲಿ ರೂಢಿಯಲ್ಲಿರುವ ಅಂದಾಜಿನಂತೆ ದಿಮ್ಮಿಗಳ ಪಾಲು ಒಟ್ಟು ಖರ್ಚಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ. ಪಾಯ, ಚಾವಣಿ, ನೆಲ, ನೀರಿನ ಕೊಳವೆ, ವಿದ್ಯುತ್, ಚಳಿಗೆ ಬಿಸಿಯ ವ್ಯವಸ್ಥೆ ಎಲ್ಲ ಆಮೇಲೆ. ಇದನ್ನು ಮರೆತ ಕುಟುಂಬಗಳಿಗೆ ಸಿಗುವುದು ಸಾಲದ ಹೊರೆ ಮತ್ತು ಸೂರಿಲ್ಲದ ನಾಲ್ಕು ಗೋಡೆ. ಅದಕ್ಕೇ ಒಟ್ಟು ಅಂದಾಜಿನ ಮೇಲೆ ಕನಿಷ್ಠ ಹತ್ತನೆಯ ಒಂದು ಭಾಗ ಕೈಮೀರಿದ ಖರ್ಚಿಗೆಂದು ತೆಗೆದಿಡಬೇಕು. ಕಟ್ಟಿದ ಮೇಲೂ ಖರ್ಚು ಉಂಟು. ಮಳೆ ಬಿಸಿಲಿಗೆ ಒಡ್ಡಿದ ಮರಕ್ಕೆ ಕೆಲವು ವರ್ಷಗಳಿಗೊಮ್ಮೆ ಬಣ್ಣ ಬಳಿಯದಿದ್ದರೆ ಕೊಳೆತ ಶುರುವಾಗುತ್ತದೆ.

ಥೋರೊ ಬರೆದಿಟ್ಟ ಲೆಕ್ಕ

ಲೆಕ್ಕ ಬರೆಯುವ ಶಿಸ್ತಿಗೆ ಒಳ್ಳೆಯ ಮಾದರಿ ಹೆನ್ರಿ ಡೇವಿಡ್ ಥೋರೊ. 1845ರಲ್ಲಿ ಆತ ವಾಲ್ಡನ್ ಕೊಳದ ಬಳಿ 10 ಅಡಿಗೆ 15 ಅಡಿಯ ಮನೆ ಕಟ್ಟಿದ. ಅದು ದಿಮ್ಮಿಯದಲ್ಲ, ಚೌಕಟ್ಟಿಗೆ ಹಲಗೆ ಹೊಡೆದದ್ದು. ಹಲಗೆಗೆ 8 ಡಾಲರ್ 3½ ಸೆಂಟ್, ಸಾವಿರ ಹಳೆಯ ಇಟ್ಟಿಗೆಗೆ 4 ಡಾಲರ್, ಮೊಳೆಗೆ 3 ಡಾಲರ್ 90 ಸೆಂಟ್, ಕೊನೆಗೆ ಸೀಮೆಸುಣ್ಣಕ್ಕೆ 1 ಸೆಂಟ್. ಒಟ್ಟು 28 ಡಾಲರ್ 12½ ಸೆಂಟ್. ಆ ಕಾಲದ ಹಾರ್ವರ್ಡ್ ವಿದ್ಯಾರ್ಥಿಯ ಕೋಣೆಯ ಒಂದು ವರ್ಷದ ಬಾಡಿಗೆ ಇದಕ್ಕಿಂತ ಹೆಚ್ಚಿತ್ತೆಂದು ಆತನೇ ಬರೆದಿದ್ದಾನೆ.

ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನೂ ಓದಬೇಕು. ಜಾಗ ಗೆಳೆಯ ಎಮರ್ಸನ್ನನದು. ಚೌಕಟ್ಟಿನ ಮರ ಅಲ್ಲೇ ಕಡಿದದ್ದು. ದುಡಿಮೆ ಬಹುಪಾಲು ಸ್ವಂತದ್ದು. ಇವುಗಳಿಗೆ ಬೆಲೆ ಕಟ್ಟಿದ್ದರೆ ಮೊತ್ತ ಎಲ್ಲಿಗೆ ಹೋಗುತ್ತಿತ್ತು?

ತಂದೆ ತಾಯಿಯರಲ್ಲಿ ಒಂದು ವಿನಂತಿ. ಮನೆಯ ರಿಪೇರಿಯೋ ಸುಣ್ಣಬಣ್ಣವೋ ಬಂದಾಗ ಗೋಡೆಯ ಅಳತೆ, ಬೇಕಾದ ಸಾಮಾನು, ಕೂಲಿ ಇವುಗಳ ಅಂದಾಜನ್ನು ಮಕ್ಕಳಿಂದಲೇ ಬರೆಸಿ. ಕೆಲಸ ಮುಗಿದ ಮೇಲೆ ಪಕ್ಕದಲ್ಲಿ ನಿಜವಾದ ಖರ್ಚನ್ನು ಬರೆಸಿ. ಎರಡು ಕಾಲಮ್ಮುಗಳ ನಡುವಿನ ವ್ಯತ್ಯಾಸ ಎಲ್ಲಿ, ಏಕೆ ಬಂತೆಂದು ಮಗು ಹುಡುಕಲಿ. ಗಾದೆಯ ಅರ್ಥ ಆಗ ತಾನಾಗಿಯೇ ತಿಳಿಯುತ್ತದೆ.