ಮೋತಿಖಾನ್ ನುಡಿಸುವ ಗೆಳೆಯ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಶಾಲೆಗಳ ಮಕ್ಕಳು ವಿಜಯಪುರಕ್ಕೆ ಪ್ರವಾಸ ಬಂದರೆ ಮೊದಲು ಓಡುವುದು ಗೋಲಗುಮ್ಮಟಕ್ಕೆ. ಮೇಲೆ ಹತ್ತಿ, ಕೂಗಿ, ತಮ್ಮ ದನಿ ಮತ್ತೆ ಮತ್ತೆ ಮರಳುವುದನ್ನು ಕೇಳಿ ಇಳಿಯುತ್ತಾರೆ. ಹೊತ್ತು ಉಳಿದರೆ ಇಬ್ರಾಹಿಂ ರೋಜಾ. ಅಲ್ಲಿ ಮಣ್ಣಾಗಿರುವ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ಆಳಿದವನು. ಸರಸ್ವತಿ, ಗಣಪತಿಯರನ್ನು ಹಾಡಿದ ‘ಕಿತಾಬ್-ಎ-ನವರಸ್’ ಬರೆದವನು. ಜನ ಜಗದ್ಗುರು ಬಾದಶಹ ಎಂದು ಕರೆದವನು. ಇಷ್ಟನ್ನು ಪಠ್ಯಪುಸ್ತಕವೂ ಹೇಳುತ್ತದೆ. ಆದರೆ ಇವನ ಬಳಿ ಹಲವು ವರ್ಷ ಇದ್ದು, ಬಿಟ್ಟುಹೋದ ಮೇಲೂ ಇವನನ್ನು ಬರೆದ ಒಬ್ಬ ಚಿತ್ರಕಾರನ ಸುದ್ದಿ ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಆ ಚಿತ್ರ ಈಗ ಯುರೋಪಿನ ಪ್ರಾಗ್ ನಗರದ ನಾಪ್ರ್‌ಸ್ಟೆಕ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಆಸ್ಥಾನದ ಒಂದು ಭಾವಚಿತ್ರ ಎಂದು ನೋಡಿ ಮುಂದೆ ಹೋಗುವುದು ಸರಿಯಲ್ಲ, ದೂರವಾದ ಗೆಳೆಯನನ್ನು ನೆನೆದು ಬರೆದದ್ದು ಎಂದೇ ಅದನ್ನು ನೋಡಬೇಕು ಎಂಬುದು ನನ್ನ ವಾದ.

ಚಿತ್ರಕಾರನ ಹೆಸರು ಫರ್ರುಖ್ ಬೇಗ್. ಮೂಲ ಇರಾನಿನವನು. ಕಾಬೂಲಿನಲ್ಲಿ ಅಕ್ಬರನ ತಮ್ಮ ಮಿರ್ಜಾ ಹಕೀಮನ ಹತ್ತಿರ ಇದ್ದು, ಅವನು ತೀರಿಕೊಂಡ ಮೇಲೆ 1585ರಲ್ಲಿ ಅಕ್ಬರನ ಆಶ್ರಯಕ್ಕೆ ಬಂದ. ಮುಂದಿನ ದಶಕದ ನಡುವಿನಲ್ಲಿ ದಕ್ಷಿಣಕ್ಕೆ ಇಳಿದು ಬಿಜಾಪುರ ಸೇರಿದ. ಆಗ ಅವನಿಗೆ ಐವತ್ತರ ಆಸುಪಾಸು, ದೊರೆಗೆ ಇಪ್ಪತ್ತೈದರ ಆಸುಪಾಸು. ಇಬ್ಬರ ಮಾತು ಬೇರೆ, ಊರು ಬೇರೆ, ವಯಸ್ಸು ಬೇರೆ. ಕೂಡಿಸಿದ್ದು ಬಣ್ಣ ಮತ್ತು ಕಾಗದ. ಇಬ್ರಾಹಿಂ ಚಿತ್ರ ಬರೆಸುವುದಷ್ಟೇ ಅಲ್ಲ, ಸ್ವತಃ ಕುಂಚ ಹಿಡಿಯುತ್ತಿದ್ದ, ಅಂದದ ಅಕ್ಷರ ಬರೆಯುತ್ತಿದ್ದ ಎಂದು ಆಸ್ಥಾನದ ಪಾರಸಿ ಕವಿ ಜುಹೂರಿ ಹೇಳುತ್ತಾನೆ. ಅದೇ ಜುಹೂರಿ ದೊರೆಯ ಸುತ್ತಲಿನ ಆರು ಮಂದಿ ಪ್ರತಿಭಾವಂತರನ್ನು ಹೊಗಳುವಾಗ ತನ್ನನ್ನೂ ಸೇರಿಸಿಕೊಂಡು, ಫರ್ರುಖ್ ಹುಸೇನ್ ಎಂಬ ಚಿತ್ರಕಾರನನ್ನೂ ಹೆಸರಿಸುತ್ತಾನೆ. ಈ ಹುಸೇನನೂ ಮೊಗಲರ ಫರ್ರುಖ್ ಬೇಗನೂ ಒಬ್ಬನೇ ಎಂದು 1957ರಲ್ಲಿ ರಾಬರ್ಟ್ ಸ್ಕೆಲ್ಟನ್ ಎಂಬ ವಿದ್ವಾಂಸ ವಾದಿಸಿದರು. ಒಪ್ಪದವರು ಇದ್ದರು. ಎರಡು ಆಸ್ಥಾನದ ಚಿತ್ರಗಳಲ್ಲೂ ಕಾಣುವ ಒಂದೇ ಕೈಯ ಗೆರೆ ನೋಡಿದರೆ ಸ್ಕೆಲ್ಟನ್ನರ ಮಾತೇ ನನಗೆ ಸರಿ ಕಾಣುತ್ತದೆ.

1609ರ ಸುಮಾರಿಗೆ ಫರ್ರುಖ್ ಮತ್ತೆ ಉತ್ತರಕ್ಕೆ ಹೋದ. ಆಗ ಪಟ್ಟದಲ್ಲಿದ್ದವನು ಜಹಾಂಗೀರ್. ಈ ಚಿತ್ರಕಾರನಿಗೆ ಎರಡು ಸಾವಿರ ರೂಪಾಯಿ ಕೊಟ್ಟದ್ದನ್ನು ಅವನು ತನ್ನ ಆತ್ಮಕಥೆಯಲ್ಲೇ ಬರೆದಿಟ್ಟಿದ್ದಾನೆ. ಪ್ರಾಗ್‌ನ ಚಿತ್ರ ಆಮೇಲಿನದು. ಅದರಲ್ಲಿ ಯುದ್ಧವಿಲ್ಲ, ದರ್ಬಾರಿಲ್ಲ. ಒತ್ತಾಗಿ ಬೆಳೆದ ಗಿಡಮರಗಳ ನಡುವೆ ಇಬ್ರಾಹಿಂ ಕೂತಿದ್ದಾನೆ. ಉದ್ದ ಕೊರಳಿನ ತಂಬೂರಿ ಮೈಗೆ ಒರಗಿದೆ, ಬೆರಳು ತಂತಿಯ ಮೇಲಿದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು, ಅದರ ಮೇಲೂ ಪದ ಕಟ್ಟಿದ್ದ ದೊರೆ ಇವನು. ಚಿತ್ರದ ಸುತ್ತಲಿನ ಬರಹ ಮೊಗಲ್ ಆಸ್ಥಾನದ ಲಿಪಿಕಾರ ಮುಹಮ್ಮದ್ ಹುಸೇನನದು. ಇದು ಬಿಜಾಪುರದ ದೊರೆಯ ರೂಪ, ದಖ್ಖನಿ ಸಂಗೀತದಲ್ಲಿ ತನ್ನ ಕಾಲದವರನ್ನೆಲ್ಲ ಮೀರಿಸಿದವನು, ಬರೆದವನು ಫರ್ರುಖ್ ಬೇಗ್ ಎಂಬುದು ಅದರ ಸಾರ. ಇಸವಿಯೂ ಇದೆ: ಹಿಜರಿ 1019, ಅಂದರೆ 1610-11. ಈ ಒಂದು ಅಂಕಿಯೇ ನನ್ನ ವಾದದ ಬುಡ. ಎದುರಿಗೆ ಕೂತವನನ್ನು ನೋಡಿ ಬರೆದದ್ದಲ್ಲ ಇದು. ಕೂತವನು ನೂರಾರು ಮೈಲಿ ಆಚೆ ಇದ್ದಾನೆ, ಬರೆಯುವವನು ಅವನ ಬದ್ಧ ಎದುರಾಳಿಯ ಆಸ್ಥಾನದಲ್ಲಿದ್ದಾನೆ.

ಇದಕ್ಕೆ ಆಕ್ಷೇಪಣೆ ಬಂದೇ ಬರುತ್ತದೆ. ಜಹಾಂಗೀರನಿಗೆ ದಖ್ಖನ್ ಬೇಕಿತ್ತು, ಅಲ್ಲಿನ ದೊರೆಯ ಮುಖ ನೋಡುವ ಕುತೂಹಲವಿತ್ತು, ಹೇಳಿದ. ಇವನು ಬರೆದ, ಅಷ್ಟೇ ಎನ್ನಬಹುದು. ಇರಲಿ. ಮುಖ ಬೇಕಿದ್ದರೆ ಮುಖ ಬರೆದರೆ ಸಾಕಿತ್ತು. ಇದೇ ಫರ್ರುಖ್ ಇಬ್ರಾಹಿಮನನ್ನು ಕುದುರೆಯ ಮೇಲೆ ಗಿಡುಗ ಹಿಡಿದು ಬೇಟೆಗೆ ಹೊರಟವನಾಗಿಯೂ ಬರೆದಿದ್ದಾನೆ; ಆ ಚಿತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅಂದರೆ ರಾಜಠೀವಿಯ ಚಿತ್ರ ಅವನ ಕೈಗೆ ಹೊಸದೇನಲ್ಲ. ಆದರೂ ಈ ಸಲ ಕೈಗೆ ಬಂದದ್ದು ತಂಬೂರಿ. ಬಿಜಾಪುರದಲ್ಲೇ ಮಾಡಿಕೊಂಡ ಗೆರೆಚಿತ್ರವನ್ನು ಜೊತೆಗೆ ಒಯ್ದಿರಬಹುದಲ್ಲ ಎಂದು ಕೇಳಿದರೆ, ಅದು ನನ್ನ ವಾದಕ್ಕೇ ಬಲ. ಗಂಟು ಕಟ್ಟಿ ಊರು ಬಿಡುವಾಗ ಆ ಒಂದು ಹಾಳೆಯನ್ನು ಒಳಗಿಟ್ಟುಕೊಂಡ ಎಂದಾಗುತ್ತದೆ.

ಇನ್ನೂ ಗಟ್ಟಿಯಾದ ಪ್ರಶ್ನೆ ಒಂದಿದೆ. ಸಂಬಳ ಕೊಡುವವನೂ ಪಡೆಯುವವನೂ ಗೆಳೆಯರಾಗುವುದುಂಟೇ? ಸಾಮಾನ್ಯವಾಗಿ ಇಲ್ಲ. ಆದರೆ ಈ ಆಸ್ಥಾನದಲ್ಲಿ ಕಲೆಯ ಮುಂದೆ ದೊರೆ ಸಣ್ಣವನಾದದ್ದಕ್ಕೆ ದಾಖಲೆಯಿದೆ. ಲಿಪಿಕಾರ ಖಲೀಲುಲ್ಲಾ 1618ರಲ್ಲಿ ‘ನವರಸ್’ ಪ್ರತಿಯನ್ನು ಬರೆದು ಒಪ್ಪಿಸಿದಾಗ, ಇಬ್ರಾಹಿಂ ಅವನಿಗೆ ಲೇಖನಿಯ ಬಾದಶಹ ಎಂಬ ಬಿರುದು ಕೊಟ್ಟು ತನ್ನ ಸಿಂಹಾಸನದ ಮೇಲೆ ಕೂರಿಸಿದ ಎಂದು ಆ ಕಾಲದವರು ಬರೆದಿದ್ದಾರೆ. ಎಲ್ಲದರಲ್ಲೂ ಸರಿಸಮ ಇರುವವರು ಮಾತ್ರ ಸ್ನೇಹಿತರು ಎಂದು ಹಟ ಹಿಡಿದರೆ ಲೋಕದಲ್ಲಿ ಸ್ನೇಹವೇ ಸಿಗಲಿಕ್ಕಿಲ್ಲ. ಯಾವುದೋ ಒಂದು ಹಾಳೆಯ ಮುಂದೆ, ಒಂದು ಹಾಡಿನ ಮುಂದೆ ಇಬ್ಬರೂ ಸರಿಸಮ ನಿಂತರೆ ಸಾಕು.

ಹಾಡು ಎಂದೊಡನೆ ಹಲಸಂಗಿ ನೆನಪಾಗದೆ ಇರದು. ಈಗ ಚಡಚಣ ತಾಲೂಕಿಗೆ ಸೇರಿದ್ದರೂ ಅದು ನಿನ್ನೆ ಮೊನ್ನೆಯವರೆಗೆ ಇಂಡಿ ತಾಲೂಕಿನದೇ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಈ ಹಲಸಂಗಿ ಗೆಳೆಯರನ್ನು ಕೂಡಿಸಿದ್ದು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿ. 1931ರಲ್ಲಿ ‘ಗರತಿಯ ಹಾಡು’ ಬಂದದ್ದು ಆ ಗೆಳೆತನದಿಂದ. ಮಧುರಚೆನ್ನರು 1953ರಲ್ಲಿ ಐವತ್ತರ ವಯಸ್ಸಿಗೇ ತೀರಿಕೊಂಡರು. ಸಿಂಪಿ ಲಿಂಗಣ್ಣನವರು ಬದುಕಿದ್ದು 1993ರವರೆಗೆ. ನಡುವಿನ ನಲವತ್ತು ವರ್ಷ ಅವರು ಗೆಳೆಯನ ಜೊತೆ ಹಿಡಿದ ಜನಪದ ಸಾಹಿತ್ಯದ ದಾರಿಯನ್ನು ಬಿಡಲಿಲ್ಲ. ಫರ್ರುಖ್ ಆಗ್ರಾದಲ್ಲಿ ಕೂತು ಮಾಡಿದ್ದೂ ಇದೇ ಜಾತಿಯ ಕೆಲಸ: ಗೆಳೆಯನ ಜೊತೆ ಹಚ್ಚಿಕೊಂಡ ಕಲೆಯಿಂದಲೇ ಗೆಳೆಯನನ್ನು ನೆನೆಯುವುದು. ಒಂದು ಸಾವಿನ ನಂತರದ್ದು, ಇನ್ನೊಂದು ಅಗಲಿಕೆಯ ನಂತರದ್ದು. ನಡುವೆ ಮೂರು ಶತಮಾನ ಕಳೆದಿವೆ, ನೆಲ ಮಾತ್ರ ಒಂದೇ.

ನಮ್ಮ ತಾಲೂಕುಗಳ ಡ್ರಾಯಿಂಗ್ ಮಾಸ್ತರರಲ್ಲಿ ಒಂದು ವಿನಂತಿ. ಪ್ರಾಗ್ ದೂರವೇ, ಆದರೆ ಆ ಚಿತ್ರದ ಪ್ರತಿ ಪುಸ್ತಕಗಳಲ್ಲಿದೆ, ಮೊಬೈಲಿನಲ್ಲೂ ಸಿಗುತ್ತದೆ. ಒಂದು ಒಳ್ಳೆಯ ಮುದ್ರಣ ಮಾಡಿಸಿ ತರಗತಿಯ ಗೋಡೆಗೆ ಹಾಕಿ. ಮುಂದಿನ ಪ್ರವಾಸದಲ್ಲಿ ಮಕ್ಕಳನ್ನು ಗೋಲಗುಮ್ಮಟಕ್ಕಿಂತ ಮೊದಲು ಇಬ್ರಾಹಿಂ ರೋಜಾಕ್ಕೆ ಕರೆದುಕೊಂಡು ಹೋಗಿ, ಅಕ್ಷರ ಕೆತ್ತಿದ ಆ ಗೋಡೆಗಳ ಮುಂದೆ ಅರ್ಧ ಗಂಟೆ ಕೂರಿಸಿ, ಫರ್ರುಖನ ಹೆಸರು ಹೇಳಿ.